ಅರ್ಧ ದಾರಿಯ ಕೋಣೆ

ಚಾರ್ಜಿಂಗ್ ಸ್ಟೇಷನ್ನಿನ ಮೇಲಿನ ಕೋಣೆ,
ಹದಿಮೂರನೇ ತಾರೀಖು, ಗುರುವಾರ

ಪ್ರೀತಿಯ ಪುಟ್ಟಾ,

ಹೇಗಿದ್ದೀಯಪ್ಪಾ? ಸೊಂಟನೋವು ಕಡಿಮೆಯಾಯಿತೇ? ಸೊಸೆಯ ಕೆಮ್ಮು ಹೇಗಿದೆ? ನಾನು ಚೆನ್ನಾಗಿದ್ದೇನೆ, ಮೆಟ್ಟಿಲು ಹತ್ತುವಾಗ ಮಂಡಿ ಮಾತ್ರ ತಕರಾರು ಮಾಡುತ್ತದೆ. ಮೇಲಿನ ವಿಳಾಸ ನೋಡಿ ಕಣ್ಣುಜ್ಜಿಕೊಳ್ಳಬೇಡ. ನಾನು ಅಕ್ಕನ ಮನೆಯಲ್ಲಿದ್ದೇನೆ ಎಂದು ನೀನು ತಿಳಿದಿದ್ದೀಯ, ನಿನ್ನ ಮನೆಯಲ್ಲಿದ್ದೇನೆ ಎಂದು ಅವಳು ತಿಳಿದಿದ್ದಾಳೆ. ಎರಡನೇ ತಾರೀಖು ಭಾನುವಾರದಿಂದ ನಾನಿರುವುದು ಇಲ್ಲಿ. ಮೂರು ತಿಂಗಳಿಗೊಮ್ಮೆ ನೀವಿಬ್ಬರೂ ನನ್ನನ್ನು ಒಂದು ಕಾರಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸುತ್ತೀರಲ್ಲ, ಅದೇ ಜಾಗದಲ್ಲಿ.

ನಿಮ್ಮ ಮನೆಗಳ ನಡುವೆ ಮುನ್ನೂರ ನಲವತ್ತು ಕಿಲೋಮೀಟರ್. ನಿಮ್ಮ ಕರೆಂಟ್ ಕಾರುಗಳು ಒಂದು ಚಾರ್ಜಿಗೆ ಇನ್ನೂರು ಮುಟ್ಟಿದರೆ ದೊಡ್ಡದು. ಅರ್ಧ ದಾರಿಯಲ್ಲಿ ಅಮ್ಮನನ್ನು ದಾಟಿಸುವ ಉಪಾಯ ಹೊಳೆದದ್ದು ನಿನಗೇ. ಎಷ್ಟು ವೇಗ, ಎಲ್ಲಿ ಎಷ್ಟು ಪರ್ಸೆಂಟ್, ಏರಿಗೆಷ್ಟು ಖರ್ಚು, ಎಲ್ಲ ನೀನು ಬರೆದಿಟ್ಟಿದ್ದೆ. ನನ್ನ ತೂಕವನ್ನೂ ಬರೆದಿದ್ದೆ, ಅದೂ ಮೂರು ಕಿಲೋ ಹೆಚ್ಚಾಗಿಯೇ. ಎಸಿ ಹಾಕಿದರೆ ಇಪ್ಪತ್ತು ಕಿಲೋಮೀಟರ್ ಹೋಯಿತು, ಕಿಟಕಿ ತೆಗೆದರೆ ಗಾಳಿ ಕಾರನ್ನು ಹಿಡಿದೆಳೆಯುತ್ತದೆ ಎನ್ನುತ್ತಿದ್ದೆ. ನಾನು ಬೆವರು ಒರೆಸಿಕೊಂಡು ತೆಪ್ಪಗೆ ಕೂರುತ್ತಿದ್ದೆ. ಸೆಕೆಯನ್ನಾದರೂ ತಡೆದುಕೊಳ್ಳಬಹುದು, ಆ ಇಪ್ಪತ್ತನಾಲ್ಕು ಕಿಲೋಮೀಟರಿನ ಜಗಳವನ್ನು ತಡೆದುಕೊಳ್ಳಲಾಗಲಿಲ್ಲ. ಈ ಸ್ಟೇಷನ್ ನಿನ್ನ ಮನೆಯಿಂದ ನೂರ ಎಂಬತ್ತೆರಡು, ಅವಳ ಮನೆಯಿಂದ ನೂರ ಐವತ್ತೆಂಟು. ಪ್ರತಿ ಸಲ ನಾನೇ ಯಾಕೆ ಹೆಚ್ಚು ಓಡಿಸ್ಬೇಕು ಎಂದು ನೀನು, ಅಮ್ಮ ನಿನಗೇನು ಕಮ್ಮಿ ಮಾಡಿದ್ಲು ಎಂದು ಅವಳು. ಹಾಗೆ ಜಗಳವಾಡಿ ನಿಮ್ಮಿಬ್ಬರ ನಡುವೆ ನಿಂತ ಮಾತು ಇಂದಿಗೂ ಶುರುವಾಗಿಲ್ಲ. ಸುದ್ದಿ ಮುಟ್ಟಿಸಲು ನಡುವೆ ನಾನೊಬ್ಬಳು.

ಆ ಭಾನುವಾರ ಅವಳು ಕಾರಿಗೆ ಚಾರ್ಜ್ ತುಂಬಿದ ತಕ್ಷಣ ಹೊರಟಳು. ನಿನ್ನ ಮುಖ ನೋಡುವುದು ಬೇಡವಾಗಿತ್ತು. ಇನ್ನೊಂದು ಗಂಟೆಯಲ್ಲಿ ಬರ್ತಾನೆ ಬಿಡು ಎಂದು ಎರಡು ಚೀಲಗಳನ್ನು ಬೆಂಚಿನ ಮೇಲಿಟ್ಟಳು. ಅರ್ಧ ಗಂಟೆಯ ಮೇಲೆ ನಿನ್ನ ಫೋನ್. ತಡವಾಗಿ ಹೊರಟಿದ್ದ ನೀನು ಇನ್ನೂ ನಿನ್ನ ಊರನ್ನೇ ದಾಟಿರಲಿಲ್ಲ. ಎದುರುಗಾಳಿ ಜೋರಾಗಿದೆ, ಇಲ್ಲಿಗೆ ಬರುವಷ್ಟರಲ್ಲಿ ಆರೇ ಪರ್ಸೆಂಟ್ ಉಳಿಯುತ್ತದೆ, ಹದಿನೈದಕ್ಕಿಂತ ಕೆಳಗಿಳಿಸಬಾರದು ಎಂದು ನಿನ್ನ ಲೆಕ್ಕ. “ಅಕ್ಕನ ಜೊತೆ ವಾಪಸ್ ಹೋಗಮ್ಮ, ಅವಳಿಗೆ ಮೆಸೇಜ್ ಹಾಕ್ತೀನಿ” ಎಂದೆ. ಅವಳು ಅಲ್ಲಿದ್ದಾಳೆಯೇ ಎಂದು ಕೇಳುತ್ತೀಯೆಂದು ಕಾದೆ. ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆರು ಪರ್ಸೆಂಟ್ ಉಳಿಯುತ್ತದೆಂದರೆ ಬಂದು ಮುಟ್ಟುತ್ತಿದ್ದೆ ಎಂದೇ ಅರ್ಥವಲ್ಲವೇನೋ? ಇಲ್ಲಿ ಸಾಲಾಗಿ ಆರು ಚಾರ್ಜರ್‌ಗಳಿದ್ದವು. ಮೆಸೇಜ್ ಹಾಕಿದೆಯೋ ಇಲ್ಲವೋ, ದೇವರಿಗೇ ಗೊತ್ತು. ಅವಳಂತೂ ತನ್ನ ಪಾಳಿ ಮುಗಿದ ಮೇಲೆ ಫೋನ್ ಮಾಡುವವಳಲ್ಲ.

ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವಳು ನಾನು. ಬದಲಿ ಡ್ರೈವರ್ ಬಂದು ಸಹಿ ಹಾಕುವವರೆಗೆ ಮೊದಲಿನವನು ಬಸ್ ಬಿಟ್ಟು ಕದಲುವಂತಿರಲಿಲ್ಲ. ಖಾಲಿ ಬಸ್ಸಿಗೂ ಅಷ್ಟು ಮರ್ಯಾದೆ ಇತ್ತು.

ಸಂಜೆ ಟೀ ಅಂಗಡಿಯಾಕೆ ಶಟರ್ ಎಳೆಯುವಾಗ “ಯಾರು ಬರ್ಬೇಕಿತ್ತಮ್ಮಾ?” ಎಂದು ಕೇಳಿದಳು. ಇಬ್ಬರು ಮಕ್ಕಳಿದ್ದಾರೆ ಎನ್ನಲು ನಾಚಿಕೆಯಾಗಿ, ಯಾರೂ ಇಲ್ಲ ಎಂದುಬಿಟ್ಟೆ. ಹಾಗೆಂದ ಮೇಲೆ ಅಳು ತಡೆಯಲಾಗಲಿಲ್ಲ. ಅವಳೇ ಈ ಕೋಣೆ ಕೊಟ್ಟಳು. ಕಬ್ಬಿಣದ ಮಂಚ, ಒಂದು ಕುರ್ಚಿ, ಕಿಟಕಿಯ ಕೆಳಗೆ ಚಾರ್ಜರ್‌ಗಳ ಸಾಲು. ನಾ ಮೊದಲು ತಾ ಮೊದಲು ಎಂದು ಕಾರಿನವರು ಕಿತ್ತಾಡುವುದನ್ನು ಎರಡು ದಿನ ನೋಡಿದೆ. ಮೂರನೇ ದಿನ ಒಂದು ಹಲಗೆ ತರಿಸಿ, ಯಾರು ಎಷ್ಟು ಹೊತ್ತಿಗೆ ಬಂದರೆಂದು ಸೀಮೆಸುಣ್ಣದಲ್ಲಿ ಬರೆಯತೊಡಗಿದೆ. ಈಗ ಗಲಾಟೆಯಿಲ್ಲ. ಇಲ್ಲೇ ಇದ್ದುಬಿಡಿ ಎಂದು ಟೀ ಅಂಗಡಿಯಾಕೆ ಕೋಣೆಯ ಕರಾರು ಪತ್ರವನ್ನೂ ತಂದಿಟ್ಟಿದ್ದಾಳೆ. ನಾನಿನ್ನೂ ಸಹಿ ಹಾಕಿಲ್ಲ. ಇದನ್ನು ಓದಿ ನೀವಿಬ್ಬರೂ ಜೊತೆಯಾಗಿ ಬಂದರೆ ಚೀಲ ಕಟ್ಟುತ್ತೇನೆ. ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೂ ಕಾರೊಂದು ತಿರುವಿನಲ್ಲಿ ಕಂಡರೆ ನಿನ್ನದೇ ಇರಬೇಕೆಂದು ಕುರ್ಚಿಯಿಂದ ಏಳುತ್ತೇನೆ.

ಸೊಸೆಗೆ ಬಿಸಿನೀರು ಕುಡಿಯಲು ಹೇಳು. ಮೊಮ್ಮಗಳಿಗೆ ಒಂದು ಮುತ್ತು. ನೂರು ಕಾಲ ಸುಖವಾಗಿರಿ.

ನಿನ್ನ,
ಅಮ್ಮ

ತಾ.ಕ.: ಪತ್ರ ಮಡಚುವಾಗಲೇ ನಿನ್ನ ಫೋನ್ ಬಂತು. ಹನ್ನೊಂದು ದಿನದಲ್ಲಿ ಮೊದಲನೆಯದು. ವಿಷಯ ಗೊತ್ತಾಯಿತೇನೋ ಎಂದುಕೊಂಡೆ. “ಕಾರು ಸರ್ವೀಸಿಗೆ ಬಿಟ್ಟಿದ್ದೀನಿ, ಇನ್ನೊಂದು ತಿಂಗಳು ಅಲ್ಲೇ ಇರ್ತೀಯಾಮ್ಮ?” ಎಂದು ನೀನು ಕೇಳಿದೆ. ಇರುತ್ತೇನಪ್ಪ ಎಂದು ನಾನು ಹೇಳಿದೆ. ಫೋನಿಟ್ಟು ಕರಾರಿಗೆ ಸಹಿ ಹಾಕಿದೆ, ಒಂದು ವರ್ಷಕ್ಕೆ. ಕರೆಯಲು ಬರಬೇಡ. ನಿನ್ನ ಅಕ್ಕನಿಗೆ ನಾನು ಬೇರೆ ಪತ್ರ ಬರೆಯುವುದಿಲ್ಲ. ಅಮ್ಮ ನಿನ್ನ ಮನೆಗೆ ಬಂದೇ ಇಲ್ಲವೆಂದು ನೀನೇ ಅವಳಿಗೆ ಫೋನ್ ಮಾಡಿ ಹೇಳು.