ಪೈನ್ ಮರಗಳ ಹೊತ್ತು

ಅಜ್ಜೀ,

ನಮ್ಮ ಕ್ಯಾಡೊ ಬುಡಕಟ್ಟಿನ ಹಿರಿಯರನ್ನು ಹೊರಗಟ್ಟಿದ ಟೆಕ್ಸಸ್ ನೆಲಕ್ಕೆ ಎಲ್ಲರೂ ಕ್ಷೇಮವಾಗಿ ಬಂದು ಸೇರಿದೆವು. ಆ ಹಿರಿಯರು ಕಟ್ಟಿದ್ದ ಮಣ್ಣಿನ ದಿಬ್ಬದ ಪಕ್ಕದಲ್ಲೇ ನಿನ್ನೆ ಹೆಂಗಸರೆಲ್ಲ ಟರ್ಕಿ ಕೋಳಿಯ ಕುಣಿತ ಕುಣಿದೆವು. ಆ ಕುಣಿತ ಹೊತ್ತು ಮುಳುಗುವ ಮೊದಲು ಮುಗಿಯಬೇಕಲ್ಲ, ನಮ್ಮೂರು ಬಿಂಗರ್‌ನ ಮರವಿಲ್ಲದ ಬಯಲಿನ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡು ತಲೆಗೆ ರಿಬ್ಬನ್ ಕಟ್ಟಿಕೊಳ್ಳುತ್ತ ಹರಟೆ ಹೊಡೆಯುತ್ತ ಕೂತುಬಿಟ್ಟಿದ್ದೆವು. ಮೂರನೆಯ ಹಾಡಿಗೇ ಸೂರ್ಯ ಎತ್ತರದ ಪೈನ್ ಮರಗಳ ಹಿಂದೆ ಇಳಿದುಹೋದ. ಡೋಲು ಬಾರಿಸುತ್ತಿದ್ದ ಎಲ್ವಿನ್ ಮಾವ ಕೈ ನಿಲ್ಲಿಸಿ, "ಸಾಕು ಬಿಡ್ರಮ್ಮ, ಕೋಳಿಗಳು ಮರ ಹತ್ತೋ ಹೊತ್ತಾಯ್ತು" ಎಂದ. ಇಷ್ಟು ದೂರ ಬಂದು ಅರ್ಧಕ್ಕೇ ಬಿಟ್ಟೆವಲ್ಲ ಎಂದು ನನಗೆ ಅಳು ಬಂತು.

ಆಗ ನಿನ್ನ ನೆನಪಾಯಿತು. ಅಲ್ಲಿ ಊರಲ್ಲಿ ಕುಣಿತದ ದಿನ ಬಿಸಿಲು ಇನ್ನೂ ನೆತ್ತಿಯ ಮೇಲಿರುವಾಗಲೇ "ಏಳ್ರೇ, ಹೊತ್ತು ಮುಳುಗ್ತದೆ" ಎಂದು ಗದರುತ್ತೀಯ. ನಿನ್ನಜ್ಜಿಯೂ ಹಾಗೇ ಗದರುತ್ತಿದ್ದಳು ಎಂದು ನೀನೇ ಹೇಳಿದ್ದೆ. ಅಜ್ಜಿಯ ಗಡಿಯಾರ ಕೆಟ್ಟಿದೆ ಎಂದು ನಾವು ಎಷ್ಟು ಸಲ ನಕ್ಕಿಲ್ಲ. ಮಾವನಿಗೂ ಅದನ್ನೇ ಹೇಳಿದೆ.

"ಕೆಟ್ಟಿಲ್ಲ ಕಣೇ," ಎಂದ ಮಾವ, ಮರಗಳ ಕಡೆ ನೋಡುತ್ತ. "ಅದು ಈ ಊರಿನ ಗಡಿಯಾರ."

ಕಾಲಿಗೆ ಏನೋ ಹುಳ ಕಚ್ಚಿ ದದ್ದು ಎದ್ದಿದೆ, ಗಾಬರಿಪಡಬೇಡ. ನಿನ್ನ ಮಂಡಿಯ ಮಾತ್ರೆ ಅಡುಗೆಮನೆಯ ಕಿಟಕಿಯ ಮೇಲಿದೆ, ಮರೆಯದೆ ತೆಗೆದುಕೋ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಇವತ್ತು ಮತ್ತೆ ಕುಣಿಯುತ್ತೇವೆ. ಇನ್ನೂ ಯಾರದೂ ಮಧ್ಯಾಹ್ನದ ಊಟವಾಗಿಲ್ಲ, ನಾನಾಗಲೇ ಎಲ್ಲರನ್ನೂ ಗದರಿ ಎಬ್ಬಿಸುತ್ತಿದ್ದೇನೆ.

ನಿನ್ನ ರೊವೀನಾ