ಸೆಂಟ್ರಿಂಗ್ ಬಿಚ್ಚುವ ದಿನ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರಗಳು. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ನಾಲ್ಕು ತಿಂಗಳು ಕಳೆದುಬಿಟ್ಟೆ, ಸಿಟ್ಟಾಗಬೇಡ. ಬೆಳಿಗ್ಗೆ ಸೈಟು, ಸಂಜೆ ಕಾಲೇಜು, ಅದರ ಮೇಲೆ ಪರೀಕ್ಷೆ. ನಿನ್ನ ಮಂಡಿನೋವು ಇಳಿದಿದೆ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ನನಗೆ ಫೋನಿನಲ್ಲಿ ಮಾತು ಹೊರಡುವುದಿಲ್ಲ, ಅದು ನಿನಗೆ ಗೊತ್ತೇ ಇದೆ.

ನಿನ್ನ ತಂಗಿ ನಲವತ್ತೊಂದನೆಯ ವಯಸ್ಸಿಗೆ ಡಿಪ್ಲೊಮಾ ಪಾಸಾದಳು ಅಕ್ಕ. ಸೂಪರ್‌ವೈಸರ್ ಆಗಿದ್ದವಳನ್ನು ಕಂಪನಿಯವರು ಸೈಟ್ ಎಂಜಿನಿಯರ್ ಮಾಡಿದ್ದಾರೆ. ಮೂರು ವರ್ಷದ ಹಿಂದೆ ಮೊದಲ ದಿನ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ತಡೆದು, ಮಕ್ಕಳ ಫೀಸು ಕಟ್ಟುವುದು ಆ ಕಡೆ ಎಂದು ಕೈ ತೋರಿಸಿದ್ದ. ತರಗತಿಯ ಹುಡುಗಿಯರು ಒಂದು ವಾರ ಆಂಟಿ ಎಂದರು, ಆಮೇಲೆ ಮೇಸ್ತ್ರಿ ಎಂದರು. ಆ ಹೆಸರೇ ಕೊನೆಯವರೆಗೂ ಉಳಿಯಿತು.

ಲೆಕ್ಕದಲ್ಲಿ ಒದ್ದಾಡಿದೆ. ಒಂದು ದಿನ ಮಾತ್ರ ಗೆದ್ದೆ. ಕೋಣೆಯ ಮೂಲೆ ಸರಿಯಾಗಿ ಕೂಡಿದೆಯೇ ಎಂದು ನೋಡುವುದು ಹೇಗೆಂದು ಮೇಷ್ಟ್ರು ಕೇಳಿದಾಗ ಎಲ್ಲರೂ ಪುಸ್ತಕ ತಿರುವಿದರು. ನಾನು ಎದ್ದುಹೋಗಿ ದಾರ ಹಿಡಿದು, ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ, ಅಡ್ಡ ಐದಡಿ ಅಳೆದು ತೋರಿಸಿದೆ. ಯಾರು ಕಲಿಸಿದರು ಎಂದು ಮೇಷ್ಟ್ರು ಕೇಳಿದರು. ನಮ್ಮ ಭಾವ ಎಂದೆ.

ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಹಳೆಯದೇ ನೆನಪು. ಹದಿನೆಂಟು ವರ್ಷದ ನಾನು ಬಾಂಡ್ಲಿ ಹೊರುತ್ತಿದ್ದವಳು. ಭಾವ ನನ್ನ ಕೈಗೆ ಗಾರೆ ಬಳಿಯುವ ಕರಣೆ ಕೊಟ್ಟಾಗ ಗಾರೆಯವರೆಲ್ಲ ನಕ್ಕರು. ಭಾವ ತಲೆ ಎತ್ತಲಿಲ್ಲ. "ನಗೋರು ನಗ್ಲಿ. ನೀನು ಕಲ್ಲು ನೋಡು, ಅವರ ಮುಖ ನೋಡ್ಬೇಡ" ಅಂದರು. ಮಧ್ಯಾಹ್ನ ನೀನು ಕ್ಯಾರಿಯರ್ ಹಿಡಿದು ಬರುತ್ತಿದ್ದೆ. ಮರಳಿನ ಗುಡ್ಡೆಯ ಮೇಲೆ ಮೂವರೂ ಕೂತು ಉಣ್ಣುವಾಗ ಅನ್ನದಲ್ಲಿ ಮರಳು ಕರಕರ ಅನ್ನುತ್ತಿತ್ತು. ಅಷ್ಟು ರುಚಿಯ ಊಟ ಆಮೇಲೆ ಎಲ್ಲೂ ಸಿಗಲಿಲ್ಲ.

ನನಗೀಗ ತಗಡಿನ ಶೆಡ್ಡಿನಲ್ಲಿ ಒಂದು ಮೇಜು ಇದೆ, ಸಹಿ ಹಾಕಲು ಒಂದು ಪೆನ್ನೂ ಇದೆ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಿಕೊಳ್ಳಲಿ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ

ಮರೆತ ಮಾತು: ನಿಜ ಹೇಳಬೇಕೆಂದರೆ ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ತಾರಸಿಯ ಮೋಲ್ಡ್ ಕುಸಿದು ಭಾವ ಹೋದದ್ದು ನಮ್ಮ ಹಣೆಬರಹ ಎಂದು ನೀನು ಹನ್ನೊಂದು ವರ್ಷದಿಂದ ಹೇಳುತ್ತಿದ್ದೀಯ, ನಾನೂ ತಲೆಯಾಡಿಸಿದ್ದೇನೆ. ಆ ಮೋಲ್ಡ್ ಹಾಕಿ ಐದೇ ದಿನವಾಗಿತ್ತು. ಅವತ್ತು ಬೆಳಿಗ್ಗೆ ಅದನ್ನು ಹೊತ್ತು ನಿಂತಿದ್ದ ಕೆಳಗಿನ ಸೆಂಟ್ರಿಂಗ್ ಹಲಗೆ, ಕಂಬ ಬಿಚ್ಚಲು ಶುರು ಮಾಡಿದರು. ಇನ್ನೂ ಹಸಿ ಇದೆ, ಈಗಲೇ ಕಂಬ ತೆಗೆಯುವುದು ಬೇಡ ಎಂದು ನಾನು ಎಂಜಿನಿಯರಿಗೆ ಹೇಳಿದೆ. "ನೀನು ಎಷ್ಟನೇ ಕ್ಲಾಸು ಓದಿದೀಯಮ್ಮ?" ಅಂದರು. ಸುತ್ತ ಇದ್ದವರು ನಕ್ಕರು. ನಾನು ತಿರುಗಿ ಬಂದು ಗಾರೆ ಕಲಸತೊಡಗಿದೆ. ಭಾವ ಮೋಲ್ಡಿನ ಕೆಳಗೇ ಇದ್ದರು. ಹೊರಗೆ ಬನ್ನಿ ಎಂದು ಒಂದು ಸಲ ಕೂಗಬಹುದಿತ್ತು. ಮತ್ತೆ ನಗುತ್ತಾರೆಂದು ಕೂಗಲಿಲ್ಲ.

ಓದದವಳು, ನನಗೇನು ಗೊತ್ತಾಗುತ್ತದೆ ಎಂದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದೆ. ಎರಡನೆಯ ವರ್ಷ ಮೇಷ್ಟ್ರು ಬೋರ್ಡಿನ ಮೇಲೆ, ಅಷ್ಟು ಅಗಲದ ಮೋಲ್ಡಿಗೆ ಹದಿನಾಲ್ಕು ದಿನ ಎಂದು ಬರೆದರು. ನಾನು ಹೇಳಿದ್ದು ಸರಿಯಾಗಿತ್ತು ಅಕ್ಕ.

ಬೈದಾದರೂ ಒಂದು ಪತ್ರ ಬರೆ.