ವೇಡ್ ಕೊಡಿಸಿದ ಐಸ್‌ಕ್ರೀಂ

ವೇಡ್,

ನನಗೆ ಬರಬೇಕಾದ ಹೆಸರನ್ನು ನೀನು ಕದ್ದೆ. ಕಾಲೇಜಿನ ಅಗ್ನಿಶಾಮಕ ತರಬೇತಿಯ ಪ್ರದರ್ಶನದ ದಿನ, ಹೊಗೆ ತುಂಬಿದ ಕೋಣೆಯಲ್ಲಿ ತೆವಳಿ, ಮನುಷ್ಯನಷ್ಟೇ ಭಾರದ ಆ ಗೊಂಬೆಯನ್ನು ಹುಡುಕಿ ಬಾಗಿಲವರೆಗೆ ಎಳೆದು ತಂದವಳು ನಾನು. ಅಲ್ಲಿಂದಾಚೆಗೆ ಹೊತ್ತವನು ನೀನು. ಪತ್ರಿಕೆಯಲ್ಲಿ ಬಂದದ್ದು ನಿನ್ನೊಬ್ಬನ ಫೋಟೋ.

ಫೋಟೋ ಬಂದವರು ಎಲ್ಲರಿಗೂ ಐಸ್‌ಕ್ರೀಂ ಕೊಡಿಸುವುದು ನಮ್ಮ ಅಗ್ನಿಶಾಮಕದವರ ಪದ್ಧತಿ. "ಏನಪ್ಪಾ ಹೀರೋ, ಎಲ್ಲಿ ಐಸ್‌ಕ್ರೀಂ?" ಎಂದು ನಮಗೆ ತರಬೇತಿ ಕೊಡುವ ಕ್ಯಾಪ್ಟನ್ ಒರ್ಟೇಗಾ ಕೇಳಿದಾಗ ನೀನು ನಗುತ್ತ ಡಬ್ಬ ತೆರೆದೆ. "ತಿನ್ನೇ ಡೆಲ್ಫೀನಾ, ಮುಖ ಯಾಕೆ ಊದಿಸ್ಕೊಂಡಿದೀಯ?" ಎಂದೆ. ನಾನೂ ತಿಂದೆ. ಐಸ್‌ಕ್ರೀಂ ಎಲ್ಲಿ ಎಂದು ಕ್ಯಾಪ್ಟನ್ ಕಾಡಬೇಕಿದ್ದದ್ದು ನನ್ನನ್ನು.

ದುಡಿದವರೆಲ್ಲರ ಹೆಸರೂ ಬರಬೇಕೆಂಬ ಅಗ್ನಿಶಾಮಕ ನೌಕರರ ಸಂಘದ ಕರಪತ್ರವನ್ನು ನಿನಗೂ ಓದಿ ಹೇಳಿದ್ದೆ, ನೀನು ತಲೆಯಾಡಿಸಿದ್ದೆ. ಬೇಸಿಗೆಯಲ್ಲಿ ಅಗ್ನಿಶಾಮಕ ಠಾಣೆಯ ಕೆಲಸಕ್ಕೆ ಕ್ಯಾಪ್ಟನ್ ನಮ್ಮಲ್ಲಿ ಒಬ್ಬರನ್ನೇ ಕಳಿಸುತ್ತಾರೆ. ಗೊಂಬೆಯನ್ನು ಹುಡುಕಿದ್ದು ಯಾರೆಂದು ಅದಕ್ಕೆ ಮೊದಲು ನೀನೇ ಅವರಿಗೆ ಹೇಳಬೇಕು. ಆಮೇಲೂ ಅವರು ನಿನ್ನನ್ನೇ ಆರಿಸಿದರೆ ನಾನು ತುಟಿ ಬಿಚ್ಚುವುದಿಲ್ಲ.

ಕ್ಯಾಪ್ಟನ್‌ಗೂ ಬರಲು ಹೇಳಿದ್ದೇನೆ. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ತರಬೇತಿ ಗೋಪುರದ ಕೆಳಗೆ ಬಾ.

ನಿನ್ನ ತಂಡದವಳು,
ಡೆಲ್ಫೀನಾ